"ವೀಸಾ ಮುಗಿದ ಮೇಲೆ?"

ಮಂಗಳವಾರ ಇಂಗ್ಲೆಂಡಿನ ಸ್ಲೌ ಊರಿನಲ್ಲಿ ಅಕೌಂಟ್ಸ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ವ್ಯಾಟ್ ಬಗ್ಗೆ ಕೇಳಿದರು, ಹೇಳಿದೆ. ಪೇರೋಲ್ ಬಗ್ಗೆ ಕೇಳಿದರು, ಅದನ್ನಂತೂ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಮಾಡಿದ್ದೇನೆ. ಮ್ಯಾನೇಜರ್ ತಲೆ ಆಡಿಸುತ್ತಾ ಬರೆದುಕೊಳ್ಳುತ್ತಿದ್ದರು. ಆಮೇಲೆ ನನ್ನ ಅರ್ಜಿಯ ಎರಡನೇ ಪುಟ ತಿರುವಿದರು. ಪೆನ್ನಿಗೆ ಕ್ಯಾಪ್ ಹಾಕಿದರು.

"ನಿಮ್ಮ ವೀಸಾ ಮುಂದಿನ ವರ್ಷ ಮುಗಿಯುತ್ತಲ್ಲ, ಆಮೇಲೆ?"

ಗಂಡನ ಜೊತೆ ಇರಲು ಕೊಡುವ ಸ್ಪೌಸ್ ವೀಸಾ, ಎಕ್ಸ್‌ಟೆನ್ಷನ್‌ಗೆ ಹಾಕುತ್ತೇವೆ, ನೀವು ಸ್ಪಾನ್ಸರ್ ಮಾಡಬೇಕಾಗಿಲ್ಲ ಎಂದೆ. ಶೇರ್ ಕೋಡ್ ಕೊಡುತ್ತೇನೆ, ಅದನ್ನು ಹಾಕಿ ನೋಡಿದರೆ ಕೆಲಸ ಮಾಡುವ ಹಕ್ಕಿದೆ ಅಂತ ಸರ್ಕಾರದ ವೆಬ್‌ಸೈಟೇ ತೋರಿಸುತ್ತದೆ ಎಂದೆ. "ಸರಿ, ಸರಿ" ಎಂದರು. ಮತ್ತೆ ಏನನ್ನೂ ಬರೆದುಕೊಳ್ಳಲಿಲ್ಲ. ಗುರುವಾರ ಬೇರೆಯವರನ್ನು ತೆಗೆದುಕೊಂಡೆವು ಅಂತ ಮೇಲ್ ಬಂತು.

ಆಕೆ ಕೆಟ್ಟವರಲ್ಲ. ಆದರೆ ನಿಯಮ ಓದದೆ ಕುರ್ಚಿಯಲ್ಲಿ ಕೂತವರು. ಆ "ಆಮೇಲೆ?" ಇನ್ನೂ ಕಿವಿಯಲ್ಲೇ ಇದೆ. ಯಾಕೆಂದರೆ ಉತ್ತರ ಅವರ ಕೈಯಲ್ಲೇ ಇತ್ತು. ನನಗೆ ಕೆಲಸ ಸಿಕ್ಕರೆ ನಮ್ಮಿಬ್ಬರ ವರಮಾನ ಸಾಕಾಗಿ ವೀಸಾ ಮುಂದುವರಿಯುತ್ತದೆ, ಅಷ್ಟೇ.

ನಮ್ಮ ಯಜಮಾನರ ಹಳೇ ಕೆಲಸ ಹೋಯಿತು. ಈಗಿನದರಲ್ಲಿ ವರ್ಷಕ್ಕೆ 26,000 ಪೌಂಡ್. ಸ್ಪೌಸ್ ವೀಸಾ ಮುಂದುವರಿಸಲು ವೀಸಾ ಕೊಡುವ ಇಲಾಖೆಯಾದ ಹೋಂ ಆಫೀಸ್ ಕೇಳುವ ವರಮಾನ 29,000. ಉಳಿದ 3,000ವನ್ನು ಉಳಿತಾಯದಿಂದ ತೋರಿಸೋಣ ಅಂದರೆ 23,500 ಪೌಂಡ್ ಅಕೌಂಟಿನಲ್ಲಿ ಆರು ತಿಂಗಳು ಕೂತಿರಬೇಕು. ಮೊದಲ 16,000 ಲೆಕ್ಕಕ್ಕೇ ಇಲ್ಲ, ಅದರ ಮೇಲೆ ಕೊರತೆಯ ಎರಡೂವರೆ ಪಟ್ಟು. ಇದನ್ನು ಫೋನಿನಲ್ಲಿ ಕೇಳಿದ ಅಪ್ಪ, "ಸೈಟ್ ಮಾರಿಬಿಡ್ಲೇನಮ್ಮ?" ಎಂದರು. ಬೇಡಪ್ಪ ಎಂದೆ. ಅವರು ರಿಟೈರ್ ಆದಾಗ ಬಂದ ದುಡ್ಡಲ್ಲಿ ತೆಗೆದ ಸೈಟ್ ಅದು.

ಇಂಡಿಯಾದಿಂದ ಅರ್ಜಿ ಹಾಕುವಾಗ ನನ್ನ ಸಂಬಳ ಲೆಕ್ಕಕ್ಕೇ ಬರಲಿಲ್ಲ. ಇಲ್ಲಿ ದುಡಿದರೆ ಇಬ್ಬರದ್ದೂ ಸೇರುತ್ತದೆ. ಆದರೆ ಒಂದೇ ಕಡೆ ಆರು ತಿಂಗಳ ಪೇಸ್ಲಿಪ್ ಬೇಕು. ಪೇಸ್ಲಿಪ್‌ನಲ್ಲಿರುವ ಮೊತ್ತ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಕಾಣಬೇಕು. ಪರಿಚಯದವರೊಬ್ಬರು, "ಸುಮ್ನೆ ಹೋಟೆಲಲ್ಲಿ ಕೈಗೆ ಕ್ಯಾಶ್ ಕೊಡೋ ಕೆಲಸಕ್ಕೆ ಸೇರಿಕೋ" ಎನ್ನುತ್ತಾರೆ. ಇಂಥ ಬುದ್ಧಿ ಹೇಳುವವರ ಮೇಲೆ ನನಗೆ ನಿಜವಾಗಲೂ ಸಿಟ್ಟು. ಕಾಗದವೇ ಇಲ್ಲದ ದುಡಿಮೆಯನ್ನು ಯಾರಿಗೆ ತೋರಿಸಲಿ?

2024ರ ಏಪ್ರಿಲ್ 11ಕ್ಕೆ ಮುಂಚೆ ಅರ್ಜಿ ಹಾಕಿದವರಿಗೆ ಈಗಲೂ 18,600 ಸಾಕು. ಅದೇ ಊರು, ಅದೇ ಬಾಡಿಗೆ, ಅದೇ ತರಕಾರಿ ಅಂಗಡಿ. ಕೆಲವು ತಿಂಗಳು ತಡವಾಗಿ ಅರ್ಜಿ ಹಾಕಿದವರಿಗೆ ಮಾತ್ರ ಹತ್ತು ಸಾವಿರ ಜಾಸ್ತಿ. ಇಲ್ಲಿನ ಕನಿಷ್ಠ ವೇತನದಲ್ಲಿ ವಾರಕ್ಕೆ 40 ಗಂಟೆ ದುಡಿದರೂ 29,000 ಮುಟ್ಟುವುದಿಲ್ಲ. ಕೇರ್ ಹೋಮಿನಲ್ಲಿ ಮುದುಕರನ್ನು ಎತ್ತಿ ಕೂರಿಸುವವರು, ಸೂಪರ್ ಮಾರ್ಕೆಟ್ಟಿನಲ್ಲಿ ರಾತ್ರಿ ಪಾಳಿ ಮಾಡುವವರು ಹೆಂಡತಿಯನ್ನೋ ಗಂಡನನ್ನೋ ಜೊತೆಗಿಟ್ಟುಕೊಳ್ಳಬಾರದೇ? ಸರ್ಕಾರದ ದುಡ್ಡು ಕೇಳಬಾರದು ಅಂತ ವೀಸಾದಲ್ಲೇ ಷರತ್ತಿದೆ, ನಾವು ಕೇಳಿಯೂ ಇಲ್ಲ. ಆಸ್ಪತ್ರೆಗೆ ಅಂತ ವರ್ಷಕ್ಕೆ 1,035 ಪೌಂಡ್‌ನಂತೆ ಮೊದಲೇ ಕಟ್ಟಿಸಿಕೊಂಡಿದ್ದಾರೆ. ಇಷ್ಟಾದ ಮೇಲೂ ಇವಳು ಹೊರೆಯಾಗುತ್ತಾಳೇನೋ ಅನ್ನುವ ಅನುಮಾನ ಯಾಕೆ? ಕೆಲಸ ಮಾಡುತ್ತೇನೆ ಅಂತ ಊರೆಲ್ಲ ಸುತ್ತುತ್ತಿರುವವಳು ನಾನೇ ಅಲ್ವಾ?

ಸೋಮವಾರ ರೆಡಿಂಗ್‌ನಲ್ಲಿ ಇನ್ನೊಂದು ಇಂಟರ್‌ವ್ಯೂ ಇದೆ. ಈ ಸಲ ವೀಸಾ ವಿಷಯವನ್ನು ಮೊದಲು ನಾನೇ ಎತ್ತುತ್ತೇನೆ.