ಬಾಡಿಗೆ ಚೀಟಿಯಲ್ಲಿ ಡೀಸೆಲ್ ದರವೂ ಇರಲಿ

ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಲಾರಿ ಕಚೇರಿಯೊಂದರಲ್ಲಿ ಬಾಡಿಗೆ ಮಾತಾಡಿ ಚೀಟಿ ಬರೆಯುವ ಕೆಲಸ ನನ್ನದು. 2022ರ ಮಾರ್ಚ್ ಕೊನೆ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಡೀಸೆಲ್ ಬೆಲೆ ಅಲುಗಾಡಿರಲಿಲ್ಲ. ಐದು ರಾಜ್ಯಗಳ ಚುನಾವಣೆ ಮುಗಿಯಿತು. ಮಾರ್ಚ್ 22ರಂದು ಲೀಟರಿಗೆ 80 ಪೈಸೆ ಏರಿತು, ಮರುದಿನ ಮತ್ತೆ ಅಷ್ಟೇ. ಏಪ್ರಿಲ್ 6ಕ್ಕೆ ಹೆಚ್ಚಳ ಹತ್ತು ರೂಪಾಯಿ ಮುಟ್ಟಿತು.

ಹುಬ್ಬಳ್ಳಿಯ ಈರುಳ್ಳಿ ಲೋಡಿಗೆ ನಮ್ಮ ಮಾಲೀಕರು ಪಾರ್ಟಿಗಳಿಗೆ, ಅಂದರೆ ಸರಕಿನ ಯಜಮಾನರಿಗೆ, ಇಡೀ ಸೀಸನ್ನಿಗೆ ಒಂದೇ ಬಾಡಿಗೆ ಒಪ್ಪಿಕೊಂಡಿದ್ದರು. ದರ ಪರಿಷ್ಕರಿಸೋಣ ಎಂದರೆ, "ಇಳಿದೀತು, ಹಳೆಯ ಪಾರ್ಟಿಗಳನ್ನು ಕಳೆದುಕೊಳ್ಳಬೇಡ" ಎಂದರು. ಲೆಕ್ಕ ಸರಳವಾಗಿತ್ತು. ಹೋಗಿ ಬರಲು ಸುಮಾರು 800 ಕಿಲೋಮೀಟರ್. ಲೋಡು ಹೊತ್ತ ಹತ್ತು ಚಕ್ರದ ಲಾರಿ ಲೀಟರಿಗೆ ನಾಲ್ಕು ಕೊಟ್ಟರೆ ಪುಣ್ಯ. 200 ಲೀಟರಿಗೆ ಎರಡು ಸಾವಿರ ಹೆಚ್ಚು. ಬಾಡಿಗೆಯಲ್ಲಿ ನಮಗೆ ಉಳಿಯುತ್ತಿದ್ದುದೇ ಹೆಚ್ಚುಕಡಿಮೆ ಅಷ್ಟು.

ರಮ್ಜಾನ್ ಉಪವಾಸ ಶುರುವಾದ ವಾರ ರಾತ್ರಿ ಹತ್ತರ ಮೇಲೆ ಹುಬ್ಬಳ್ಳಿಯಿಂದ ಚಾಲಕ ಫೋನ್ ಮಾಡಿದ. "ಅಣ್ಣ, ಅಡ್ವಾನ್ಸ್ ಮುಗಿಯಿತು. ಇರುವ ಡೀಸೆಲ್ ಯಲ್ಲಾಪುರ ದಾಟಿಸುತ್ತದೆ, ಊರು ಮುಟ್ಟಿಸುವುದಿಲ್ಲ. ಅರಬೈಲ್ ಘಟ್ಟದಲ್ಲಿ ನಿಲ್ಲಿಸಲೇ?" ಹಮಾಲಿ, ಕಮಿಷನ್ ಕೊಟ್ಟು ಅವನ ಕೈ ಖಾಲಿ. ಮಾಲೀಕರು ಫೋನ್ ಎತ್ತಲಿಲ್ಲ. ಮತ್ತೆ ಮಾಡಿದೆ, ಸ್ವಿಚ್ ಆಫ್. ಅತ್ತ ಪಂಪಿನ ಹುಡುಗ ಪೈಪು ಹಿಡಿದು ನಿಂತಿದ್ದಾನೆ, ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಎಲ್ಲವೂ ಫೋನಿನಲ್ಲೇ ಕೇಳಿಸುತ್ತಿದೆ. ಕೊನೆಗೆ ಸರಕಿನ ಯಜಮಾನರಿಗೇ ಕರೆ ಮಾಡಿದೆ. "ಕಾಕಾ, ಡೀಸೆಲಿಗೆ ದುಡ್ಡಿಲ್ಲ, ಬಾಡಿಗೆಯ ಬಾಕಿಯಲ್ಲಿ ಸ್ವಲ್ಪ ಈಗಲೇ ಹಾಕಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿಮ್ಮ ಮಾಲೀಕರು ಇದನ್ನು ಮೊದಲೇ ಹೇಳಬಾರದಿತ್ತೇ? ಬೆಲೆ ಏರಿದ್ದು ನನಗೂ ಗೊತ್ತಿದೆಯಲ್ಲ" ಎಂದು ಹಣ ಕಳುಹಿಸಿದರು. ಪಾರ್ಟಿ ಮುನಿಸಿಕೊಳ್ಳುತ್ತದೆ ಎಂದು ಮಾಲೀಕರು ಹೆದರಿದ್ದು ಇಂಥವರ ಬಗ್ಗೆ!

ಆ ನಷ್ಟದಲ್ಲಿ ಒಂದು ಪಾಲು ಚಾಲಕನ ಭತ್ಯೆಯಿಂದ ಕಡಿತವಾಯಿತು. ಅದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ದರ ಏರಿಸಿದವನು ಅವನಲ್ಲ, ಬಾಡಿಗೆ ಒಪ್ಪಿಕೊಂಡವನೂ ಅವನಲ್ಲ.

ಗಡಿಯಲ್ಲಿರುವ ನಮಗೆ ಇನ್ನೊಂದು ಚಟವಿದೆ. ತಲಪಾಡಿ ದಾಟಿ ಕರ್ನಾಟಕದ ಪಂಪಿನಲ್ಲಿ ಟ್ಯಾಂಕ್ ತುಂಬಿಸಿದರೆ ಅಗ್ಗ ಎಂದು ಆ ಅಂತರವನ್ನೇ ಲಾಭವೆಂದು ಬರೆದುಕೊಳ್ಳುವುದು. 2021ರ ನವೆಂಬರಿನಲ್ಲಿ ಕೇಂದ್ರದ ಜೊತೆ ಕರ್ನಾಟಕವೂ ತೆರಿಗೆ ಇಳಿಸಿತು, ಕೇರಳ ಇಳಿಸಲಿಲ್ಲ. 2023ರ ಏಪ್ರಿಲಿನಲ್ಲಿ ಎರಡು ರೂಪಾಯಿ ಸೆಸ್ ಬೇರೆ ಹಾಕಿತು. ಅಂತರ ಹಿಗ್ಗಿತು, ನಮ್ಮವರು ಅದನ್ನು ನಂಬಿ ಬಾಡಿಗೆ ತಗ್ಗಿಸಿದರು. 2024ರ ಜೂನ್ ಮತ್ತು 2025ರ ಏಪ್ರಿಲಿನಲ್ಲಿ ಕರ್ನಾಟಕ ಮಾರಾಟ ತೆರಿಗೆ ಏರಿಸಿದಾಗ ಅದರಲ್ಲಿ ಸುಮಾರು ಐದು ರೂಪಾಯಿ ಕರಗಿಹೋಯಿತು. ಡೀಸೆಲ್ ಜಿಎಸ್‌ಟಿಯ ಹೊರಗಿರುವವರೆಗೆ ಯಾವ ಸರ್ಕಾರ ಯಾವಾಗ ಏರಿಸುತ್ತದೋ ಹೇಳಲಾಗದು.

ಈಗ ನಾನು ಬರೆಯುವ ಪ್ರತಿ ಚೀಟಿಯಲ್ಲೂ ಆ ದಿನದ ಡೀಸೆಲ್ ದರ ಇರುತ್ತದೆ. ಲೀಟರಿಗೆ ಎರಡು ರೂಪಾಯಿಗಿಂತ ಹೆಚ್ಚು ಏರಿದರೆ ಬಾಡಿಗೆಯೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಇಳಿಸುವುದಕ್ಕೆ ಮಾಲೀಕರು ಸುಲಭಕ್ಕೆ ಒಪ್ಪಲಿಲ್ಲ. ಇಳಿಸದಿದ್ದರೆ ಏರಿಸಲು ಯಾವ ಪಾರ್ಟಿಯೂ ಬಿಡುವುದಿಲ್ಲ ಎಂದು ಪಟ್ಟು ಹಿಡಿದೆ. ಚಾಲಕನ ಭತ್ಯೆ ಮುಟ್ಟಬಾರದೆಂದು ಬರೆಸುವುದು ಮಾತ್ರ ಇನ್ನೂ ಆಗಿಲ್ಲ. ಪ್ರತಿ ತಿಂಗಳ ಲೆಕ್ಕದ ದಿನ ಅದನ್ನು ಕೇಳುತ್ತಲೇ ಇದ್ದೇನೆ.