ಲೆಕ್ಕ ಕೂಡದ ಏಳು ಟಿಕೆಟ್‌ಗಳು

ನಮ್ಮದು ಎಂಟು ಜನರ ಸಪೋರ್ಟ್ ತಂಡ. ಜನ ಕಳಿಸುವ ದೂರುಗಳು, ಅಂದರೆ ಟಿಕೆಟ್‌ಗಳೆಲ್ಲ, ಜಿರಾ ಎನ್ನುವ ಕೆಲಸ ಹಂಚುವ ತಂತ್ರಾಂಶದಲ್ಲಿ ಬರುತ್ತವೆ. ಮೊದಲು ನಾನು ಒಬ್ಬೊಬ್ಬರ ಹೆಸರಿಗೂ ಒಂದೊಂದು ಫಿಲ್ಟರ್ (ಉಳಿಸಿಟ್ಟ ಹುಡುಕಾಟ) ಮಾಡಿಟ್ಟಿದ್ದೆ. ಯಾರಾದರೂ ಕೆಲಸ ಬಿಟ್ಟರೆ ಅಥವಾ ಹೊಸಬರು ಬಂದರೆ ಮತ್ತೆ ತಿದ್ದಬೇಕಿತ್ತು.

ಹೆಸರಿನ ಜಾಗದಲ್ಲಿ ಕರೆಂಟ್‌ಯೂಸರ್() ಅಂತ ಬರೆದರೆ ಸಾಕು ಎಂದು ಆಮೇಲೆ ತಿಳಿಯಿತು. ಯಾರು ಲಾಗಿನ್ ಆಗಿರುತ್ತಾರೋ ಅವರ ಟಿಕೆಟ್ ಮಾತ್ರ ಕಾಣುತ್ತದೆ. ಎಂಟು ಫಿಲ್ಟರ್ ಹೋಗಿ ಒಂದೇ ಉಳಿಯಿತು. ಅದೇ ಖುಷಿಯಲ್ಲಿ ‘ಬೇರೆಯವರ ಕೆಲಸ’ ಅಂತ ಇನ್ನೊಂದು ಮಾಡಿದೆ: ಅಸೈನೀ != ಕರೆಂಟ್‌ಯೂಸರ್(). ಅಸೈನೀ ಅಂದರೆ ಟಿಕೆಟ್ ಯಾರ ಹೆಸರಿಗಿದೆಯೋ ಅವರು; != ಅಂದರೆ ‘ಅಲ್ಲ’. ನನ್ನದಲ್ಲದ್ದೆಲ್ಲ ಇದರಲ್ಲಿ ಬರಬೇಕು, ಅಲ್ವಾ?

ಬರಲಿಲ್ಲ. ಒಂದು ಸೋಮವಾರ ಸುಮ್ನೆ ಕೂಡಿಸಿ ನೋಡಿದೆ. ಬಾಕಿ ಇದ್ದದ್ದು ಒಟ್ಟು 61. ನನ್ನವು 9, ಬೇರೆಯವರವು 45. ಇನ್ನು 7 ಎಲ್ಲಿ? ಹುಡುಕಿದರೆ ಅವು ಯಾರ ಹೆಸರಿಗೂ ಹೋಗದ ಟಿಕೆಟ್‌ಗಳು. ಅಸೈನೀ ಖಾಲಿ ಇದ್ದರೆ ‘ಇವರಲ್ಲ’ ಎನ್ನುವ ಹುಡುಕಾಟಕ್ಕೂ ಅದು ಸಿಗುವುದಿಲ್ಲ. ಅವುಗಳಲ್ಲಿ ಒಂದು, ಲ್ಯಾಬ್ ರಿಪೋರ್ಟ್ ಪ್ರಿಂಟ್ ಆಗುತ್ತಿಲ್ಲ ಎಂದು ಒಬ್ಬರು ಶುಕ್ರವಾರ ಬರೆದದ್ದು. ಮೂರು ದಿನ ಯಾರೂ ನೋಡಿರಲಿಲ್ಲ. ಅವರಿಗೆ ಫೋನ್ ಮಾಡಿ ಕ್ಷಮೆ ಕೇಳುವಾಗ ನಿಜಕ್ಕೂ ಸಂಕಟವಾಯಿತು.

ಸರಿಪಡಿಸುವುದು ಕಷ್ಟವಿರಲಿಲ್ಲ. ‘ಆರ್ ಅಸೈನೀ ಈಸ್ ಎಂಪ್ಟಿ’ (ಅಥವಾ ಅಸೈನೀ ಖಾಲಿ) ಅಂತ ಸೇರಿಸಿದರೆ ಆಯಿತು. ಆದರೆ ಫಿಲ್ಟರ್‌ನಲ್ಲಿ ‘ನಮ್ಮ ಪ್ರಾಜೆಕ್ಟ್ ಮಾತ್ರ’ ಎನ್ನುವ ಷರತ್ತೂ ‘ಆಂಡ್’ ಮೂಲಕ ಸೇರಿರುವುದರಿಂದ, ಅಸೈನೀ ಬಗೆಗಿನ ಎರಡು ಷರತ್ತುಗಳ ಸುತ್ತ ಆವರಣ ಹಾಕಲೇಬೇಕು. ಜಿರಾ ಮೊದಲು ‘ಆಂಡ್’ ನೋಡುತ್ತದೆ, ‘ಆರ್’ ಆಮೇಲೆ. ಆವರಣ ಬಿಟ್ಟರೆ ನಮಗೆ ಸಂಬಂಧವೇ ಇಲ್ಲದ ಪ್ರಾಜೆಕ್ಟ್‌ಗಳ ಖಾಲಿ ಟಿಕೆಟ್‌ಗಳೂ ಬಂದು ತುಂಬಿಕೊಳ್ಳುತ್ತವೆ.

ಇಂಥ ಫಿಲ್ಟರ್‌ನಲ್ಲಿ ಇನ್ನೊಂದು ತೊಂದರೆ ಇದೆ. ಮಾಡಿದವರಿಗೆ ಕಾಣುವುದು ತಮ್ಮ ಫಲಿತಾಂಶ ಮಾತ್ರ. ನನಗೆ ಸರಿಯಾಗಿ ಕಂಡಿತು ಅಂದರೆ ಪಕ್ಕದವರಿಗೂ ಸರಿ ಅಂತಲ್ಲ. ಫಿಲ್ಟರ್ ಹಂಚಿಕೊಂಡರೂ ಟಿಕೆಟ್ ನೋಡುವ ಅನುಮತಿ ಅದರ ಜೊತೆ ಹೋಗುವುದಿಲ್ಲ. ಹಾಗಾಗಿ ಈಗ ತಂಡಕ್ಕೆ ಕೊಡುವ ಮೊದಲು ಇಬ್ಬರ ಪಕ್ಕ ಕೂತು, ಅವರ ಲಾಗಿನ್‌ನಲ್ಲೇ ತೆರೆಸಿ ನೋಡುತ್ತೇನೆ. ಒಬ್ಬರು ಹಳಬರು, ಇನ್ನೊಬ್ಬರು ಅದೇ ವಾರ ಸೇರಿದವರು. ಹೊಸಬರ ಹೆಸರಿಗೆ ಒಂದೂ ಟಿಕೆಟ್ ಇರುವುದಿಲ್ಲವಲ್ಲ, ತಪ್ಪು ಅಲ್ಲೇ ಬೇಗ ಸಿಗುತ್ತದೆ.

ಡ್ಯಾಶ್‌ಬೋರ್ಡ್‌ನಲ್ಲಿ ಈಗ ಎಲ್ಲಕ್ಕಿಂತ ಮೇಲೆ ಇಟ್ಟಿರುವುದು ಯಾರ ಹೆಸರೂ ಇಲ್ಲದ ಟಿಕೆಟ್‌ಗಳನ್ನು, ಹಳೆಯದು ಮೊದಲು ಬರುವ ಹಾಗೆ. ನನ್ನ ಪಟ್ಟಿ ತೆರೆಯುವುದು ಅದು ಖಾಲಿಯಾದ ಮೇಲೆಯೇ.