ಜೈಪುರ ಹೌಸಿನಲ್ಲಿ ಅಮೃತಾ

ದೆಹಲಿಗೆ ಹೋದವರು ಇಂಡಿಯಾ ಗೇಟ್ ಮುಂದೆ ಫೋಟೊ ತೆಗೆಸಿಕೊಳ್ಳದೆ ಬರುವುದಿಲ್ಲ. ಅದರ ಹತ್ತಿರದಲ್ಲೇ ಇರುವ ಜೈಪುರ ಹೌಸಿಗೆ ಹೋಗುವವರು ಕಮ್ಮಿ. ಜೈಪುರದ ಮಹಾರಾಜರ ಬಂಗಲೆಯಾಗಿದ್ದ ಈ ಕಟ್ಟಡದಲ್ಲಿ 1954ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಚಿತ್ರಕಲಾವಿದೆ ಅಮೃತಾ ಶೇರ್-ಗಿಲ್ ಬರೆದ ಚಿತ್ರಗಳು ಇಲ್ಲಿರುವಷ್ಟು ಬೇರೆಲ್ಲೂ ಇಲ್ಲ. ನಾನು ಹೋಗಿದ್ದೇ ಅವುಗಳಿಗಾಗಿ.

ಅಮೃತಾ ಹುಟ್ಟಿದ್ದು 1913ರಲ್ಲಿ, ಬುಡಾಪೆಸ್ಟ್‌ನಲ್ಲಿ. ಅಪ್ಪ ಪಂಜಾಬಿನ ಸಿಖ್ಖರು, ಅಮ್ಮ ಹಂಗೇರಿಯವರು. ಬೆಳೆದದ್ದು ಶಿಮ್ಲಾದಲ್ಲಿ, ಚಿತ್ರಕಲೆ ಕಲಿತದ್ದು ಪ್ಯಾರಿಸ್‌ನಲ್ಲಿ. ಅಲ್ಲಿ ಚಿನ್ನದ ಪದಕ, ಹೆಸರು ಎಲ್ಲಾ ಸಿಕ್ಕಿತ್ತು. ಆದರೂ 1934ರ ಕೊನೆಗೆ ಇಂಡಿಯಾಕ್ಕೆ ಬಂದುಬಿಟ್ಟರು.

ಪ್ಯಾರಿಸ್ ಕಾಲದ ಚಿತ್ರಗಳು ಚೆನ್ನಾಗಿವೆ. ಆದರೆ ನನ್ನ ಕಾಲು ನಿಂತಿದ್ದು 1935ರ ‘ಮೂವರು ಹುಡುಗಿಯರು’ ಮುಂದೆ. ಮೂವರೂ ಒತ್ತಾಗಿ ಕೂತಿದ್ದಾರೆ. ಒಬ್ಬಳೂ ನಮ್ಮ ಕಡೆ ನೋಡುವುದಿಲ್ಲ. ಒಬ್ಬರನ್ನೊಬ್ಬರೂ ನೋಡುವುದಿಲ್ಲ. ಮದುವೆ ಮಾತುಕತೆ ನಡೆಯುವಾಗ ಒಳಕೋಣೆಯಲ್ಲಿ ಕೂತ ಹೆಣ್ಣುಮಕ್ಕಳ ಹಾಗೆ ಕಾಣುತ್ತಾರೆ. ಅವರ ಬಗ್ಗೆ ತೀರ್ಮಾನ ಬೇರೆ ಯಾರೋ ಮಾಡುತ್ತಿದ್ದಾರೆ ಅನಿಸುತ್ತದೆ, ಅಲ್ವಾ? ಅಯ್ಯೋ ಪಾಪ ಅನ್ನಿಸುವ ಹಾಗೆ ಅಮೃತಾ ಬರೆದಿಲ್ಲ. ಅದು ನನಗೆ ತುಂಬಾ ಇಷ್ಟವಾಯಿತು.

1936ರ ಕೊನೆಯಲ್ಲಿ ಅಮೃತಾ ದಕ್ಷಿಣದ ಕಡೆ ಹೊರಟರು. ಅಜಂತಾ, ಎಲ್ಲೋರಾ ನೋಡಿದರು. ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಗೋಡೆಚಿತ್ರಗಳಿಗೆ ಮಾರುಹೋದರು. ಕನ್ಯಾಕುಮಾರಿವರೆಗೂ ಹೋದರು. ಆ ಸುತ್ತಾಟದ ಫಲ 1937ರ ‘ಬ್ರಹ್ಮಚಾರಿಗಳು’ ಮತ್ತು ‘ವಧುವಿನ ಅಲಂಕಾರ’. ಎರಡೂ ಇದೇ ಗ್ಯಾಲರಿಯಲ್ಲಿವೆ.

‘ಬ್ರಹ್ಮಚಾರಿಗಳು’ ಚಿತ್ರದಲ್ಲಿ ಐವರು ಹುಡುಗರು. ಬರಿಮೈ, ಜನಿವಾರ, ಬಿಳಿ ಪಂಚೆ. ಹಿಂದೆ ಕೆಮ್ಮಣ್ಣಿನ ಬಣ್ಣ. ಹತ್ತಿರ ಹೋಗಿ ನೋಡಿದರೆ ಪಂಚೆಯ ಬಿಳಿ ಒಂದೇ ಬಿಳಿಯಲ್ಲ. ಒಂದು ಕಡೆ ಬೂದಿ ಬಣ್ಣ, ಇನ್ನೊಂದು ಕಡೆ ಸ್ವಲ್ಪ ಹಳದಿ. ನಮ್ಮ ಮಠ, ಪಾಠಶಾಲೆಗಳಲ್ಲಿ ಇಂಥ ಹುಡುಗರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೀಗೆ ನಿಂತು ನೋಡಿದ್ದು ಇದೇ ಮೊದಲು.

1941ರ ಡಿಸೆಂಬರ್‌ನಲ್ಲಿ, ಲಾಹೋರ್‌ನಲ್ಲಿ ಅಮೃತಾ ತೀರಿಕೊಂಡರು. ಆಗ ಬರೀ 28 ವರ್ಷ. 2023ರಲ್ಲಿ ಅವರ ಒಂದು ಚಿತ್ರ 61.8 ಕೋಟಿ ರೂಪಾಯಿಗೆ ಹರಾಜಾಯಿತು. ಸುದ್ದಿಯಲ್ಲಿ ಬರುವುದು ಬರೀ ಆ ದುಡ್ಡು. ನನಗೆ ಬೇಜಾರಾಗುವುದು ಅದಕ್ಕೇ. ಟಿಕೆಟ್ ತಗೊಂಡು ಒಳಗೆ ಹೋದರೆ ಚಿತ್ರಗಳೇ ಎದುರಿಗೆ ಸಿಗುತ್ತವೆ.

ಸೋಮವಾರ ಮಾತ್ರ ಹೋಗಬೇಡಿ, ರಜೆ. ಅರ್ಧ ದಿನವಾದರೂ ಇಟ್ಟುಕೊಳ್ಳಿ. ನಾನಂತೂ ಮುಂದೆ ಮಟ್ಟಾಂಚೇರಿಗೆ ಹೋಗಿ, ಅಮೃತಾ ಮೆಚ್ಚಿದ ಆ ಗೋಡೆಗಳನ್ನೂ ನೋಡಬೇಕು.